ಯಾರ ಬಾಯಲ್ಲಿ ಕೇಳಿದೆ?

ತಂಗಿಯ ಮಗಳದು ಅಜ್ಜಂಪುರ. ಓದುತ್ತಿರುವುದು ಕಡೂರಿನಲ್ಲಿ, ದ್ವಿತೀಯ ಪಿಯುಸಿ, ಐಚ್ಛಿಕಗಳಲ್ಲಿ ಮನಃಶಾಸ್ತ್ರವೂ ಒಂದು. ನಾನು ಗ್ರಂಥಾಲಯದ ಕೆಲಸದಿಂದ ನಿವೃತ್ತಳಾಗಿ ತರೀಕೆರೆಯಲ್ಲಿದ್ದೇನೆ. ಒಂದು ಭಾನುವಾರ ಬಸ್ಸಿಳಿದು ಬಂದವಳು ಕಾಫಿ ಕುಡಿಯುವ ಮೊದಲೇ ಪ್ರಾಜೆಕ್ಟಿನ ಫೈಲನ್ನು ನನ್ನ ಮಡಿಲಿಗೆ ಹಾಕಿದಳು. ವಿಷಯ: ಮರೆವು. ಅವತ್ತು ನಮ್ಮಿಬ್ಬರ ನಡುವೆ ನಡೆದ ಮಾತು ಇದು.

— ದೊಡ್ಡಮ್ಮಾ, ಬರೆಯೋದೆಲ್ಲ ಮುಗಿದಿದೆ. ಕೊನೇ ಪುಟ ಒಂದು ನೋಡಿಕೊಡಿ. ಆಕರಗಳ ಪಟ್ಟಿ ಸರಿಯಿಲ್ಲ ಅಂತ ಮೇಡಂ ವಾಪಸ್ ಕೊಟ್ಟಿದ್ದಾರೆ. ಕಾಮಾ ಎಲ್ಲಿ, ಫುಲ್‌ಸ್ಟಾಪ್ ಎಲ್ಲಿ ಅಂತ ಹೇಳಿಬಿಟ್ಟರೆ ಸಾಕು.

— ಕಾಮಾ ಆಮೇಲೆ ನೋಡೋಣ. ಮೊದಲನೇದು ಓದು.

— ಹರ್ಮನ್ ಎಬಿಂಗ್‌ಹೌಸ್, 1885. ಪುಸ್ತಕದ ಹೆಸರು ಜರ್ಮನ್‌ನಲ್ಲಿದೆ, ಬಾಯಿ ತಿರುಗಲ್ಲ.

— ಆ ಪುಸ್ತಕ ಎಲ್ಲಿ ಓದಿದೆ?

— ಓದಿಲ್ಲ ದೊಡ್ಡಮ್ಮಾ. ನೆಟ್‌ನಲ್ಲಿ ಮರೆವಿನ ಬಗ್ಗೆ ಬರೆದೋರೆಲ್ಲ ಕೊನೇಲಿ ಅದನ್ನ ಹಾಕಿದ್ದಾರೆ, ನಾನೂ ಹಾಕಿದೆ.

— ಆದರೆ ಎರಡನೇ ಅಧ್ಯಾಯದಲ್ಲಿ ಅವನ ಪ್ರಯೋಗದ ಬಗ್ಗೆ ಒಂದು ಪುಟ ಚೆನ್ನಾಗಿ ಬರೆದಿದ್ದೀಯ. ಅದು ಎಲ್ಲಿಂದ ಬಂತು?

— ಅದಾ? ಒಂದು ಲೈಬ್ರರೀಲಿ ಹಳೇ ಪುಸ್ತಕ ಸಿಕ್ತು. ಟಿಸಿಎಚ್ ಓದೋರಿಗೆ ಅಂತ ಬರೆದಿರೋ ಮನೋವಿಜ್ಞಾನ. ಅದನ್ನ ನೋಡಿ ಬರೆದೆ.

— ಅದು ಪಟ್ಟಿಯಲ್ಲಿ ಇಲ್ಲವಲ್ಲ?

— ಕನ್ನಡ ಪುಸ್ತಕ ದೊಡ್ಡಮ್ಮಾ, ಅದೂ ಮೊದಲನೇ ಹಾಳೆ ಹರಿದುಹೋಗಿರೋದು. ಅದನ್ನ ಹಾಕಿದರೆ ಇವಳಿಗೆ ಇಷ್ಟೇ ಸಿಕ್ಕಿದ್ದು ಅಂತಾರೆ.

— ನಿಮ್ಮಪ್ಪ ಈರುಳ್ಳಿ ಹಾಕಿದ್ದಾರಲ್ಲ ಈ ಸಲ. ಯಶವಂತಪುರದ ಮಂಡಿಯಲ್ಲಿ ರೇಟು ಇಷ್ಟಾಗಿದೆಯಂತೆ ಅಂತ ಯಾರಾದರೂ ಬಂದು ಹೇಳಿದರೆ ಮೊದಲು ಏನು ಕೇಳ್ತಾರೆ?

— ನಿಂಗೆ ಯಾರಯ್ಯ ಹೇಳಿದ್ದು, ನೀನೇ ಮಂಡೀಲಿ ಇದ್ದೆಯಾ ಅಂತ.

— ಕಿವಿಯಿಂದ ಕಿವಿಗೆ ಬಂದ ರೇಟು ನಂಬಿ ಅವರು ಲಾರಿ ಕಟ್ಟಿಸಲ್ಲ. ಹೇಳಿದವನು ಮಂಡಿಯಲ್ಲಿ ನಿಂತು ಕೂಗು ಕೇಳಿದ್ದರೆ ಅದಕ್ಕೊಂದು ತೂಕ, ಊರಿನ ಅಂಗಡಿ ಮುಂದೆ ಯಾರೋ ಅಂದರು ಅಂದರೆ ಇನ್ನೊಂದು ತೂಕ. ನೀನು ಎಬಿಂಗ್‌ಹೌಸ್ ಅಂತ ಬರೆದಾಗ ನಾನು ಮಂಡಿಯಲ್ಲಿ ನಿಂತಿದ್ದೆ ಅಂತ ಹೇಳಿದ ಹಾಗೆ. ನಿಂತಿರಲಿಲ್ಲ. ನಿನಗೆ ಹೇಳಿದ್ದು ಆ ಹರಿದ ಪುಸ್ತಕ. ಎದುರಿಗೆ ಕೂತು ಹೇಳಿಕೊಟ್ಟವರ ಹೆಸರು ಬಿಟ್ಟು, ಮುಖ ನೋಡದವರ ಹೆಸರು ಹಾಕಿದ್ದೀಯ. ನನಗೆ ಬೇಜಾರಾಗಿದ್ದು ಅದಕ್ಕೆ, ಕಾಮಾಕ್ಕಲ್ಲ.

— ಹಾಗಾದರೆ ಎಬಿಂಗ್‌ಹೌಸ್ ಹೆಸರೇ ಬರಬಾರದಾ?

— ಬರಬೇಕು, ಪ್ರಯೋಗ ಅವನದು. ಒಳಗೆ ಬರೆಯುವಾಗ ಎಬಿಂಗ್‌ಹೌಸ್ 1885ರಲ್ಲಿ ಹೀಗೆ ಮಾಡಿದ, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ, ಇಷ್ಟನೇ ಪುಟ ಅಂತ ಹಾಕು. ಕೊನೇ ಪಟ್ಟಿಯಲ್ಲಿ ಮಾತ್ರ ನಿನ್ನ ಕೈಯಲ್ಲಿ ಹಿಡಿದ ಪುಸ್ತಕ ಇರಲಿ. ಎರಡನೇದು ಏನು?

— ಇದು ಇಂಗ್ಲಿಷ್ ಜರ್ನಲ್‌ದು. ಸಂಪುಟ, ಸಂಚಿಕೆ, ಪುಟ ಎಲ್ಲ ಸರಿಯಾಗಿದೆ, ನೋಡಿ.

— ಎಲ್ಲಿ ಸಿಕ್ತು?

— ಮೊಬೈಲ್‌ನಲ್ಲಿ ಚಾಟ್ ಆಪ್‌ಗೆ ಮರೆವಿನ ಬಗ್ಗೆ ಐದು ಆಕರ ಕೊಡು ಅಂದೆ, ಕೊಡ್ತು.

ಇಲ್ಲಿ ಮಾತು ನಿಲ್ಲಿಸಿ ಇಬ್ಬರೂ ಫೋನಿಗೆ ಬಗ್ಗಿದೆವು. ಆ ಹೆಸರಿನ ಜರ್ನಲ್ ಇತ್ತು. ಆ ವರ್ಷಕ್ಕೆ ಆ ಸಂಪುಟವೂ ಇತ್ತು. ಆದರೆ ಆ ಪುಟಗಳಲ್ಲಿ ಇದ್ದದ್ದು ಬೇರೆ ಯಾರದೋ ಬೇರೆ ವಿಷಯದ ಲೇಖನ. ಇವಳು ಬರೆದ ಶೀರ್ಷಿಕೆಯ ಲೇಖನ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹುಡುಗಿಯ ಮುಖ ಸಣ್ಣಗಾಯಿತು.

— ಇಲ್ಲದೇ ಇರೋ ಲೇಖನಕ್ಕೆ ಪುಟ ಸಂಖ್ಯೆ ಹೇಗೆ ಬಂತು ದೊಡ್ಡಮ್ಮಾ?

— ಇಂಥ ಕಡೆ ಇಂಥ ಪದ ಬರುತ್ತೆ ಅಂತ ಲೆಕ್ಕ ಹಾಕಿ ಅದು ಜೋಡಿಸುತ್ತೆ. ಜೋಡಣೆ ಸೊಗಸಾಗಿರುತ್ತೆ, ಹಿಂದೆ ಪುಸ್ತಕ ಇರಲೇಬೇಕು ಅಂತಿಲ್ಲ. ಹುಡುಕೋಕೆ ಒಂದು ಪದ ಬೇಕಾದರೆ ಕೇಳಿಕೋ, ತಪ್ಪಿಲ್ಲ. ಆದರೆ ಅದು ಕೊಟ್ಟ ಹೆಸರನ್ನ ನೀನೇ ಹೋಗಿ ತೆರೆದು ನೋಡದೆ ಪಟ್ಟಿಗೆ ಹಾಕಬೇಡ. ಇನ್ನು ಈ ಮೊದಲನೇ ಪುಟದಲ್ಲಿ, ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30 ನೆನಪಿರುತ್ತೆ, ಎಡ್ಗರ್ ಡೇಲ್ ಅಂತ ಬರೆದಿದ್ದೀಯಲ್ಲ.

— ಅದು ಎಲ್ಲರಿಗೂ ಗೊತ್ತಿರೋದು ದೊಡ್ಡಮ್ಮಾ. ಸ್ಕೂಲಲ್ಲಿ ಚಾರ್ಟೇ ಇತ್ತು.

— ನಾನೂ ಒಂದು ತರಬೇತಿಯಲ್ಲಿ ಅದನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ, ಎಷ್ಟೋ ವರ್ಷ ನಂಬಿದ್ದೆ. ಎಡ್ಗರ್ ಡೇಲ್ 1946ರಲ್ಲಿ ಪಾಠೋಪಕರಣಗಳ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಅನುಭವದ ಶಂಕು ಅಂತ ಒಂದು ಚಿತ್ರ ಇದೆ. ಕೈಯಾರೆ ಮಾಡೋದು ತಳದಲ್ಲಿ, ಬರೀ ಮಾತು ತುದಿಯಲ್ಲಿ. ಅವನ ಚಿತ್ರದಲ್ಲಿ ಒಂದೇ ಒಂದು ಅಂಕಿ ಇಲ್ಲ ಮಗಳೇ. ಆ ಹತ್ತು, ಇಪ್ಪತ್ತು, ಮೂವತ್ತನ್ನೆಲ್ಲ ಆಮೇಲೆ ಯಾರೋ ತಂದು ಅಂಟಿಸಿದ್ದು, ಹಿಂದೆ ಯಾವ ಪ್ರಯೋಗವೂ ಇಲ್ಲ. ಮನುಷ್ಯರ ನೆನಪು ಅಷ್ಟು ಸಲೀಸಾಗಿ ಹತ್ತರ ಮಗ್ಗಿಯಲ್ಲಿ ಬರುತ್ತಾ, ನೀನೇ ಹೇಳು? ಡೇಲ್ ಹೆಸರು ಹಾಕಿದವರಲ್ಲಿ ಅರ್ಧ ಜನ ಅವನ ಪುಸ್ತಕ ತೆರೆದಿದ್ದರೂ ಆ ಚಾರ್ಟು ಅವತ್ತೇ ಗೋಡೆಯಿಂದ ಇಳಿಯುತ್ತಿತ್ತು.

— ಹಂಗಂದ್ರೆ ನನ್ನ ಪಟ್ಟಿಯಲ್ಲಿ ಉಳಿಯೋದೇನು? ಲೈಬ್ರರಿಗಳಿಗೂ ಹೋಗಿಬಂದೆ ದೊಡ್ಡಮ್ಮಾ. ಕಡೂರು, ಅಜ್ಜಂಪುರ, ಇಲ್ಲಿಗೂ ಹೋದ ವಾರ ಬಂದಿದ್ದೆ. ಮನಃಶಾಸ್ತ್ರ ಅಂತ ಕೇಳಿದರೆ ನಾಲ್ಕೇ ಪುಸ್ತಕ ತೋರಿಸ್ತಾರೆ.

— ಯಾವ ನಂಬರಿನ ಹತ್ತಿರ ತೋರಿಸಿದರು?

— 150.

— ಡ್ಯೂಯಿ ವರ್ಗೀಕರಣದಲ್ಲಿ ಮನಃಶಾಸ್ತ್ರದ ಮನೆ 150, ಸರಿ. ನೆನಪು ಮರೆವು 153ರಲ್ಲಿ, ಮಕ್ಕಳು ಮತ್ತು ಹದಿಹರೆಯ 155ರಲ್ಲಿ. ಆದರೆ ಅದರ ನೆಂಟರು ಊರೆಲ್ಲ ಹರಡಿಕೊಂಡಿದ್ದಾರೆ. ಪಾಠ ಕಲಿಯೋ ಮನಸ್ಸಿನ ಬಗ್ಗೆ ಬರೆದದ್ದು ಶಿಕ್ಷಣದ ಜೊತೆ 370.15ಕ್ಕೆ ಹೋಗುತ್ತೆ. ನಿನ್ನ ಟಿಸಿಎಚ್ ಪುಸ್ತಕ ಅಲ್ಲೇ ಸಿಕ್ಕಿರಬೇಕು.

— ಹೌದು! ಬಿ.ಎಡ್. ಪುಸ್ತಕಗಳ ಬೀರುವಿನಲ್ಲಿತ್ತು. ಬೇರೇನೋ ಹುಡುಕ್ತಾ ಸಿಕ್ಕಿದ್ದು.

— ಮನಸ್ಸಿನ ಕಾಯಿಲೆ ವೈದ್ಯಕೀಯದಲ್ಲಿ, 616.89. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ, ಪರೀಕ್ಷೆ ಭಯದಿಂದ ಹಿಡಿದು ಮುಪ್ಪಿನ ಮರೆವಿನ ತನಕ. ಅವು ಆರೋಗ್ಯದ ಕಪಾಟಿನಲ್ಲಿ ಸಕ್ಕರೆ ಕಾಯಿಲೆ, ಬಾಣಂತನದ ಪುಸ್ತಕಗಳ ಪಕ್ಕ ಕೂತಿರುತ್ತವೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯದ ಪ್ರಶಸ್ತಿ ಬಂದ ಪುಸ್ತಕ ಅಂತ ಅದನ್ನ ಕತೆ ಕಾದಂಬರಿ ಜೊತೆ ಇಟ್ಟಿರೋದನ್ನ ನಾನೇ ನೋಡಿದ್ದೇನೆ. ಮನಃಶಾಸ್ತ್ರ ಅಂತ ಕೇಳಬೇಡ. ನೆನಪು ಅಂತ ಕೇಳು, ಕಲಿಕೆ ಅಂತ ಕೇಳು, ಮಾನಸಿಕ ಆರೋಗ್ಯ ಅಂತ ಕೇಳು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಇದೆ, 14 ಸಂಪುಟ. ಅದರಲ್ಲಿ ಕಲಿಕೆ, ಮರೆವು, ಸ್ಮೃತಿ, ಯಾವ ಪದದಡಿ ಏನಿದೆ ನೋಡು. ಮತ್ತೆ ಆ ಕನ್ನಡ ಪುಸ್ತಕ ಅನ್ನೋ ಮಾತು ಇನ್ನೊಂದು ಸಲ ಆಡಬೇಡ.

— ಹಾಗಲ್ಲ ದೊಡ್ಡಮ್ಮಾ, ಈ ವಿಷಯವೇ ಹೊರಗಿಂದ ಬಂದದ್ದಲ್ವಾ ಅಂತ.

— ಬಂದು ನೂರು ವರ್ಷ ಆಯ್ತು. ಎಂ. ವಿ. ಗೋಪಾಲಸ್ವಾಮಿ ಅಂತ ಇದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದು 1924ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ದೇಶದಲ್ಲಿ ಅದಕ್ಕೂ ಮುಂಚೆ ಇದ್ದದ್ದು ಕಲ್ಕತ್ತದ್ದು. 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಅನ್ನೋ ಹೆಸರಿನ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ. ಕಡೂರಿನ ಬೆಂಚಿನ ಮೇಲೆ ಕೂತು ನೀನು ಮನಃಶಾಸ್ತ್ರ ಓದ್ತಿದ್ದೀಯ ಅಂದರೆ ಅದರ ಹಿಂದೆ ಈ ದಾರಿ ಇದೆ. ಮೇಡಂ ಹತ್ತಿರ ಹೇಳು, ಅವರಿಗೆ ಖುಷಿಯಾಗುತ್ತೆ.

— ಸರಿ, ಹೆಸರು ಹೇಗೆ ಬರೆಯೋದು ಹೇಳಿ. ಮೊದಲು ಸರ್‌ನೇಮ್ ಬರಬೇಕು ಅಂತ ಮೇಡಂ ಕೊಟ್ಟ ಹಾಳೆಯಲ್ಲಿದೆ. ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ?

— ಇದು ಒಳ್ಳೇ ಪ್ರಶ್ನೆ. ನಮ್ಮ ಕಡೆ ಹೆಸರಿನ ಮುಂದೆ ಇರೋ ಅಕ್ಷರಗಳಲ್ಲಿ ಒಂದು ಊರಿನದು, ಇನ್ನೊಂದು ಅಪ್ಪನದು. ಚಂದ್ರಶೇಖರ್ ಅವರ ‘ಸಿ’ ಅಂದರೆ ಚನ್ನಪಟ್ಟಣ. ಇಡೀ ಜಗತ್ತಿಗೆ ಗ್ರಂಥಾಲಯ ಶಾಸ್ತ್ರ ಹೇಳಿಕೊಟ್ಟ ಎಸ್. ಆರ್. ರಂಗನಾಥನ್ ಹೆಸರಿನ ‘ಎಸ್’ ಕೂಡ ಊರೇ, ತಮಿಳುನಾಡಿನ ಶಿಯಾಳಿ. ಊರಿನ ಹೆಸರಲ್ಲಿ ಮನುಷ್ಯರನ್ನ ಹುಡುಕೋಕೆ ಆಗಲ್ಲ. ಆದ್ದರಿಂದ ಅವರದೇ ಹೆಸರು ಮೊದಲು, ಇನಿಷಿಯಲ್ ಆಮೇಲೆ. ಚಂದ್ರಶೇಖರ್, ಸಿ. ಆರ್. ಅಂತ. ಡಾಕ್ಟರು, ಪ್ರೊಫೆಸರು ಪಟ್ಟಿಯಲ್ಲಿ ಬೇಡ.

— ಕಾವ್ಯನಾಮ ಇದ್ದರೆ?

— ಪುಸ್ತಕದ ಮೇಲೆ ಯಾವುದಿದೆಯೋ ಅದು. ನಿಮ್ಮೂರಿನ ಅಜ್ಜಂಪುರ ಸೀತಾರಾಂ ಕತೆಗಳ ಮೇಲೆ ‘ಆನಂದ’ ಅಂತಲೇ ಇರುತ್ತೆ. ಶಿವರಾಂ ಅವರೂ ಹಾಗೆ. ‘ಕೊರವಂಜಿ’ ಪತ್ರಿಕೆ ನಡೆಸಿ ನಗೆಬರಹ ಬರೆದಾಗ ರಾಶಿ, ಮನೋವೈದ್ಯದ ಬಗ್ಗೆ ಬರೆದಾಗ ಎಂ. ಶಿವರಾಂ. ಇಬ್ಬರೂ ಒಬ್ಬರೇ ಅಂತ ಗೊತ್ತಿಲ್ಲದೆ ಹುಡುಕಿದರೆ ಅರ್ಧ ಪುಸ್ತಕ ಕಳಕೊಳ್ತೀಯ.

— ವರ್ಷ?

— ಹೆಸರಿನ ಹಾಳೆ ಮಗುಚಿದರೆ ಹಿಂದುಗಡೆ ಇರುತ್ತಲ್ಲ, ಸಣ್ಣ ಅಕ್ಷರದಲ್ಲಿ? ಪ್ರಥಮ ಮುದ್ರಣ ಇಂಥ ವರ್ಷ, ಮರುಮುದ್ರಣ ಇಂಥ ವರ್ಷ, ಪ್ರತಿಗಳು 1000, ಡೆಮಿ 1/8, ಕಾಗದ 70 ಜಿಎಸ್‌ಎಂ, ಬೆಲೆ, ರಕ್ಷಾಪುಟ ಮಾಡಿದವರು. ನಮ್ಮ ಪ್ರಕಾಶಕರು ಕಾಗದದ ತೂಕ ಕೂಡ ಬರೀತಾರೆ ನೋಡು, ನನಗೆ ಆ ಪುಟ ಓದೋದೇ ಇಷ್ಟ. ಅಲ್ಲಿ ನಿನ್ನ ಕೈಯಲ್ಲಿರೋ ಮುದ್ರಣದ ವರ್ಷ ತಗೋ. ಹಳೇ ಮುದ್ರಣದ 40ನೇ ಪುಟ ಹೊಸದರಲ್ಲಿ 52 ಆಗಿರಬಹುದು, ಹಿಂದೆ ಬಂದವರು ಕಂಗಾಲಾಗ್ತಾರೆ.

— ಯಾರು ದೊಡ್ಡಮ್ಮಾ ನನ್ನ ಹಿಂದೆ ಬರೋರು? ಮೇಡಂ ಒಂದು ಸಲ ನೋಡಿ ಅಂಕ ಹಾಕ್ತಾರೆ, ಆಮೇಲೆ ಫೈಲು ಕಟ್ಟಿ ಅಟ್ಟಕ್ಕೆ.

— ಅಮೃತಾಪುರಕ್ಕೆ ಹೋಗಿದ್ದು ನೆನಪಿದೆಯಾ? ದೇವಸ್ಥಾನದ ಮುಂದೆ ಎತ್ತರದ ಶಾಸನದ ಕಲ್ಲು.

— ಜನ್ನ ಬರೆದಿರೋದು ಅಂದಿದ್ರಿ. ನಾನು ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ.

— ದೇವಸ್ಥಾನ 1196ರದು. ಬಿ. ಎಲ್. ರೈಸ್ ಈ ಸೀಮೆಯ ಶಾಸನಗಳನ್ನೆಲ್ಲ ಓದಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ ಅಚ್ಚು ಹಾಕಿಸಿದ. ಆಗ ನಮ್ಮ ಜಿಲ್ಲೆಗೆ ಚಿಕ್ಕಮಗಳೂರು ಅಂತ ಹೆಸರಿರಲಿಲ್ಲ, ಕಡೂರು ಜಿಲ್ಲೆ. ಒಂದೊಂದು ತಾಲ್ಲೂಕಿಗೆ ಒಂದೊಂದು ಸಾಲು ನಂಬರು: ಕಡೂರು ಇಷ್ಟು, ತರೀಕೆರೆ ಇಷ್ಟು. ಇವತ್ತಿಗೂ ಧಾರವಾಡದಲ್ಲಿ ಕೂತ ಸಂಶೋಧಕರು ಆರನೇ ಸಂಪುಟ, ತರೀಕೆರೆ, ಇಂಥ ನಂಬರು ಅಂತ ಬರೆದರೆ, ನಾನು ಇಲ್ಲಿಂದ ಬಸ್ ಹತ್ತಿ ಹೋಗಿ ಅದೇ ಕಲ್ಲಿನ ಮುಂದೆ ನಿಂತು, ಅವರು ಓದಿದ ಅಕ್ಷರ ಸರಿಯೋ ತಪ್ಪೋ ನೋಡಬಹುದು. ನೂರಿಪ್ಪತ್ತು ವರ್ಷದ ಹಿಂದೆ ಆ ನಂಬರು ಬರೆದ ಗುಮಾಸ್ತನಿಗೆ ನಾನು ಬರ್ತೀನಿ ಅಂತ ಗೊತ್ತಿತ್ತಾ?

— ಇಲ್ಲ.

— ಮುಂದಿನ ವರ್ಷ ಅಜ್ಜಂಪುರದಿಂದ ಇನ್ನೊಬ್ಬಳು ಹುಡುಗಿ ಮರೆವಿನ ಮೇಲೆ ಪ್ರಾಜೆಕ್ಟ್ ಮಾಡ್ತಾಳೆ ಅಂತ ಇಟ್ಟುಕೋ. ನಿನ್ನ ಪಟ್ಟಿ ನೋಡಿ ಅವಳು 370.15ರ ಬೀರುವಿಗೆ ನೇರ ನಡೆದುಹೋಗ್ತಾಳೆ. ನೀನು ಮೂರು ಊರು ಸುತ್ತಿದ ಬಸ್ ಚಾರ್ಜು ಅವಳಿಗೆ ಉಳೀತು.

ಊಟ ಆಯಿತು. ಮಧ್ಯಾಹ್ನ ಅವಳೇ ಒಂದು ಮಾತು ಎತ್ತಿದಳು. ಆ ಎಬಿಂಗ್‌ಹೌಸನನ್ನೇ ನೋಡಿಬಿಡೋಣವೇ ಎಂದು. ಅವನ ಪುಸ್ತಕದ 1913ರ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಏಳನೇ ಅಧ್ಯಾಯ ತೆಗೆದೆವು. ನಿಘಂಟು ಪಕ್ಕದಲ್ಲಿತ್ತು. ಒಂದೊಂದು ಪ್ಯಾರಾಕ್ಕೆ ಹತ್ತು ನಿಮಿಷ ಹಿಡಿಯಿತು.

— ದೊಡ್ಡಮ್ಮಾ, ಇಲ್ಲಿ ಬೇರೆ ಏನೋ ಇದೆ. ಒಂದು ದಿನದ ಮೇಲೆ 33.7 ಅಂತಿದೆ. ನಾನು ಬರೆದದ್ದು, ಒಂದು ದಿನಕ್ಕೆ ಮೂರರಲ್ಲಿ ಎರಡು ಭಾಗ ಮರೆತುಹೋಗುತ್ತೆ ಅಂತ. ಇವನು ಎಷ್ಟು ನೆನಪಿದೆ ಅಂತ ಎಣಿಸೇ ಇಲ್ಲವಲ್ಲ!

— ಮತ್ತೇನು ಎಣಿಸಿದ?

— ಅರ್ಥವಿಲ್ಲದ ಶಬ್ದಗಳ ಸಾಲು ಬಾಯಿಪಾಠ ಮಾಡಿದ, ತಾನೇ, ತನ್ನ ಮೇಲೇ. ಸಾಲಿಗೆ 13 ಶಬ್ದ. ಒಂದು ದಿನ ಬಿಟ್ಟು ಅದನ್ನೇ ಮತ್ತೆ ಬಾಯಿಪಾಠ ಮಾಡಿದ. ಎರಡನೇ ಸಲಕ್ಕೆ ಹೊತ್ತು ಎಷ್ಟು ಉಳೀತು ಅನ್ನೋದು ಆ 33.7. ಒಂದು ಗಂಟೆಗೆ 44.2, ಆರು ದಿನಕ್ಕೆ 25.4, 31 ದಿನಕ್ಕೆ 21.1. ಅಂದರೆ ಪೂರ್ತಿ ಮರೆತೆ ಅನ್ನಿಸಿದ್ದು ಕೂಡ ಒಳಗೆ ಎಲ್ಲೋ ಉಳಿದಿರುತ್ತೆ, ಮತ್ತೆ ಓದಿದರೆ ಬೇಗ ಬರುತ್ತೆ, ಅಲ್ವಾ? ತಿಂಗಳಾದ ಮೇಲೂ!

— ಈಗ ನಿನ್ನ ಪ್ರಯೋಗ ಹೇಳು.

— ನಾನು ಗೆಳತಿಯರಿಗೆ ಮೂರಕ್ಷರದ ಸುಳ್ಳು ಪದ ಮಾಡಿ ಕೊಟ್ಟಿದ್ದೆ. ಟುಪಳ, ಝಮಟಿ, ಪೊಡುಗೆ, ಹೀಗೆ. ಮಾರನೇ ದಿನ ಎಷ್ಟು ಬರೀತಾರೆ ಅಂತ ಎಣಿಸಿದೆ. ಅದನ್ನ ಎಬಿಂಗ್‌ಹೌಸ್ ಅಂಕಿಯ ಪಕ್ಕ ಇಟ್ಟು, ನಮ್ಮ ಕಾಲೇಜಿನವರ ನೆನಪು ಕಮ್ಮಿ ಅಂತ ಬರೆದಿದ್ದೀನಿ. ಛೆ! ನಾನು ಅಳೆದದ್ದೇ ಬೇರೆ, ಅವನು ಅಳೆದದ್ದೇ ಬೇರೆ. ಸೇರು ತಗೊಂಡು ಮೊಳದ ಜೊತೆ ಹೋಲಿಸಿದ ಹಾಗಾಯ್ತು.

— ಆ ಹರಿದ ಪುಸ್ತಕದಲ್ಲಿ ಹೇಗಿತ್ತು?

— ಶೇ. 66 ಮರೆಯುತ್ತದೆ ಅಂತಲೇ ಇತ್ತು. ಚಿಕ್ಕದು ಮಾಡೋಕೆ ಹೋಗಿ ಹಾಗೆ ಬರೆದಿರಬೇಕು.

— ಹಾಗಾದರೆ ಎರಡನ್ನೂ ಬರಿ. ಈ ಪುಸ್ತಕ ಹೀಗೆ ಹೇಳುತ್ತೆ, ಮೂಲದ ಅನುವಾದದಲ್ಲಿ ಹೀಗಿದೆ ಅಂತ. ಈಗ ಎಬಿಂಗ್‌ಹೌಸ್ ನಿನ್ನ ಪಟ್ಟಿಗೆ ಬರಬಹುದು. ಆದರೆ 1913ರ ಅನುವಾದ ಅಂತ ಬರಿ, ಏಳನೇ ಅಧ್ಯಾಯ ಅಂತ ಬರಿ. ಓದಿದ್ದು ಅಷ್ಟೇ ತಾನೇ? ಇನ್ನೂ ಒಂದು ಇದೆ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮರ್ರೆ ಮತ್ತು ಡ್ರಾಸ್ ಅನ್ನೋರು ಇದೇ ಪ್ರಯೋಗ ಮತ್ತೆ ಮಾಡಿ ಪ್ರಕಟಿಸಿದರು. ಒಬ್ಬರೇ ಕೂತು 70 ಗಂಟೆ ಬಾಯಿಪಾಠ ಮಾಡಿ, ಗೆರೆ ಹೆಚ್ಚುಕಮ್ಮಿ ಹಾಗೇ ಬಂತು. ಪ್ಲಾಸ್ ವನ್ ಜರ್ನಲ್‌ನಲ್ಲಿದೆ, ದುಡ್ಡು ಕೇಳಲ್ಲ. ರಾತ್ರಿ ಕೂತು ಓದು.

— ಅಜ್ಜಿ ವಿಷಯ ಏನು ಮಾಡಲಿ? ಬೆಳಿಗ್ಗೆ ತಿಂದ ತಿಂಡಿ ಮರೀತಾರೆ, ಸೋಬಾನೆ ಪದ ಒಂದೂ ತಪ್ಪಲ್ಲ ಅಂತ ಬರೆದಿದ್ದೀನಿ. ಮೇಡಂ ಹಾಳೆ ಪ್ರಕಾರ ಬಾಯಿಮಾತು ಕೊನೇ ಪಟ್ಟಿಗೆ ಬರಲ್ವಂತೆ, ಬೇರೆಯವರು ಹೋಗಿ ನೋಡೋಕಾಗಲ್ಲ ಅಂತ.

— ಹಾಳೆಯಲ್ಲಿರೋ ಹಾಗೆ ಮಾಡು, ಒಳಗೇ ದಿನಾಂಕ ಹಾಕಿ ಬರಿ. ಆದರೆ ನಮ್ಮ ಜಾನಪದದವರು ಸಂಗ್ರಹ ಮಾಡುವಾಗ ಹಾಡಿದವರ ಹೆಸರು, ವಯಸ್ಸು, ಊರು ಹಾಕಿ ವಕ್ತೃ ಅಂತ ಗೌರವದಿಂದ ಬರೀತಾರೆ. ನನಗೆ ಅದೇ ಸರಿ ಅನ್ನಿಸುತ್ತೆ. ಅಜ್ಜಿಯನ್ನ ಕೇಳು, ಒಪ್ಪಿದರೆ ಪೀಠಿಕೆಯಲ್ಲಿ ಅವರ ಹೆಸರು ಹಾಕು. ಗೆಳತಿಯರ ಹೆಸರು ಮಾತ್ರ ಬೇಡ, ಯಾರಿಗೆ ಎಷ್ಟು ಮರೆವು ಅನ್ನೋದು ಕಾಲೇಜಿಗೆಲ್ಲ ಗೊತ್ತಾಗೋದು ಬೇಡ.

— ಆ ಹರಿದ ಪುಸ್ತಕ? ಲೇಖಕರ ಹೆಸರೇ ಗೊತ್ತಿಲ್ಲವಲ್ಲ.

— ಗ್ರಂಥಾಲಯದವರು ಪುಸ್ತಕ ಬಂದ ತಕ್ಷಣ ಮೊದಲನೇ ಹಾಳೆಗೆ ಮೊಹರು ಹಾಕಿ ಅಕ್ಸೆಷನ್ ನಂಬರ್ ಬರೀತಾರೆ. ಆ ಹಾಳೆ ಹರಿದುಹೋಗುತ್ತೆ ಅಂತ ಗೊತ್ತಿದ್ದೇ ಒಳಗೆ ಒಂದು ಗೊತ್ತಾದ ಪುಟದಲ್ಲಿ ಅದೇ ನಂಬರನ್ನ ಇನ್ನೊಂದು ಸಲ ಬರೀತಾರೆ. ಎಲ್ಲ ಪುಸ್ತಕಕ್ಕೂ ಅದೇ ಪುಟ, ಹೊರಗಿನವರಿಗೆ ಹೇಳಲ್ಲ. ಗುಟ್ಟಿನ ಪುಟ ಅಂತೀವಿ. ನಿಧಾನಕ್ಕೆ ಮಗುಚುತ್ತಾ ಹೋಗು, ಸಿಗುತ್ತೆ. ಆ ನಂಬರು ಹಿಡಿದು ಅಲ್ಲಿಯವರನ್ನ ಅಕ್ಸೆಷನ್ ರಿಜಿಸ್ಟರ್ ತೆಗೆಸಿ ಅಂತ ಕೇಳು. ದೊಡ್ಡ ಉದ್ದನೆ ಪುಸ್ತಕ. ಒಂದೇ ಸಾಲಿನಲ್ಲಿ ಬಂದ ತಾರೀಕು, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಬಿಲ್ ನಂಬರು, ಎಲ್ಲ ಇರುತ್ತೆ.

— ತೆಗೆಸ್ತಾರಾ?

— ಬೀರು ಮೇಲಿರುತ್ತೆ, ಧೂಳು ಇರುತ್ತೆ. ನಾನೇ ಒರೆಸಿಕೊಳ್ತೀನಿ ಅನ್ನು. ತೆಗೆಸ್ತಾರೆ.

ಬುಧವಾರ ಸಂಜೆ ಫೋನ್ ಬಂತು.

— ದೊಡ್ಡಮ್ಮಾ, ಸಿಕ್ತು! ಗುಟ್ಟಿನ ಪುಟದ ನಂಬರಿನ ಶಾಯಿ ಮಾಸಿತ್ತು, ಕಿಟಕಿ ಹತ್ತಿರ ಹಿಡಿದು ಓದಿದೆ. ಕೊನೇ ಅಂಕಿ 3ಓ 8ಓ ಗೊತ್ತಾಗಲಿಲ್ಲ, ರಿಜಿಸ್ಟರ್‌ನಲ್ಲಿ ಎರಡೂ ನೋಡಿದ್ವಿ. ಒಂದು ಕಾದಂಬರಿ, ಇನ್ನೊಂದು ಇದೇ. ಲೇಖಕರು ಇಬ್ಬರು ದೊಡ್ಡಮ್ಮಾ, ಬೆಲೆ ಆರು ರೂಪಾಯಿ ಐವತ್ತು ಪೈಸೆ. ಲೈಬ್ರರಿಯ ಅಣ್ಣ ತಾವೇ ಏಣಿ ಹತ್ತಿ ರಿಜಿಸ್ಟರ್ ಇಳಿಸಿಕೊಟ್ಟರು. ಹೆಸರು, ವರ್ಷ ಎಲ್ಲ ಒಂದು ಬಿಳಿ ಹಾಳೆಯಲ್ಲಿ ದುಂಡಗೆ ಬರೆದುಕೊಡಮ್ಮ, ಪುಸ್ತಕದ ಮುಂದೆ ಅಂಟಿಸ್ತೀನಿ ಅಂದರು. ಬರೀತಾ ಇದ್ದೀನಿ. ಅಂಟು ಯಾವುದಾದರೆ ಒಳ್ಳೇದು ಕೇಳಿ ಅಂತಿದ್ದಾರೆ.

— ಮೈದಾ ಅಂಟು ಕಾಯಿಸೋಕೆ ಹೇಳು, ಒಂದು ಚೂರು ಮೈಲುತುತ್ತ ಹಾಕಿ, ಹುಳ ಹಿಡಿಯಲ್ಲ. ಬೆನ್ನಿನ ಕಡೆ ಕಾಲಿಂಚು ಮಾತ್ರ ಹಚ್ಚಬೇಕು. ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡೋಕೆ ಹೇಳು.